ಹನ್ನೊಂದನೆಯ ನಿಮಿಷದ ಕೆಂಪು ದೀಪ

ಮರುಳಸಿದ್ದಪ್ಪ ಮಾವ ಬೆಡ್‌ಶೀಟ್ ಎಳೆದಾಗ ಅದರ ಕೆಳಗಿದ್ದದ್ದು ಒಂದು ಹಳೆಯ ವಿಸಿಆರ್. ಅದರ ತಲೆಯ ಮೇಲೆ ಅಕ್ಕಿ ಡಬ್ಬದಷ್ಟು ದೊಡ್ಡ ತಗಡಿನ ಪೆಟ್ಟಿಗೆ, ಪೆಟ್ಟಿಗೆಯ ನೆತ್ತಿಯಲ್ಲಿ ಒಂದು ಕೆಂಪು ದೀಪ, ಒಂದು ಹಸಿರು ದೀಪ. ಪೆಟ್ಟಿಗೆಯಿಂದ ಹೊರಟ ವೈರುಗಳು ನಡುಮನೆಯ ನೆಲದ ಮೇಲೆ ಹರಿದು ಏಳು ಪ್ಲಾಸ್ಟಿಕ್ ಕುರ್ಚಿಗಳ ಕೆಳಗೆ ಸೇರಿದ್ದವು.

"ಇದಕ್ಕೆ ನಗೆ ಸಿಗ್ನಲ್ ಅಂತ ಹೆಸರಿಟ್ಟಿದೀನಿ," ಎಂದರು ಮಾವ, ಎದೆ ಉಬ್ಬಿಸಿ.

"ಕುರ್ಚಿಗೂ ಕರೆಂಟ್ ಕೊಟ್ಟಿದೀರಾ?" ಎಂದು ದಾಕ್ಷಾಯಿಣಿ ಅತ್ತೆ ಕೇಳಿದರು. ಅವರು ಕೂರಲಿಲ್ಲ.

"ಬರೀ ಒಂಬತ್ತು ವೋಲ್ಟು ಕಣೇ. ಇರುವೆನೂ ಸಾಯಲ್ಲ."

"ಬಚ್ಚಲಿಗೆ ಸಿಗ್ನಲ್ ಹಾಕ್ದಾಗ್ಲೂ ಹಿಂಗೇ ಅಂದಿದ್ರಿ. ಒಂದೂವರೆ ಗಂಟೆ ಒಳಗೇ ಇದ್ದೆ ನಾನು."

ಅದು ನಿಜ. ಮಾವ ಮೂವತ್ತನಾಲ್ಕು ವರ್ಷ ರೈಲ್ವೆಯಲ್ಲಿ ಸಿಗ್ನಲ್ ರಿಪೇರಿ ಮಾಡಿ ನಿವೃತ್ತರಾದವರು. ಅರಸೀಕೆರೆಯ ಈ ಮನೆಯನ್ನೂ ಅವರು ಒಂದು ಸ್ಟೇಷನ್ ಎಂದೇ ತಿಳಿದಿದ್ದರು. ನಾನು ತಿಪಟೂರಿನ ಹಾಸ್ಟೆಲ್‌ನಿಂದ ಎರಡು ದಿನದ ರಜೆಗೆ ಬಂದಾಗಲೆಲ್ಲ ಹೊಸದೊಂದು ಯಂತ್ರ ಇರುತ್ತಿತ್ತು, ಅತ್ತೆಯ ಹೊಸದೊಂದು ದೂರೂ ಇರುತ್ತಿತ್ತು.

ಈ ಯಂತ್ರದ ತತ್ವವನ್ನು ಮಾವ ನನಗೆ ಮಾತ್ರ ವಿವರಿಸಿದರು. ಮನೆಯಲ್ಲಿ ವಿಜ್ಞಾನ ಓದುತ್ತಿದ್ದವಳು ನಾನೊಬ್ಬಳೇ ಎಂಬುದು ಅದಕ್ಕೆ ಕಾರಣ. ಎರಡು ಸ್ಟೇಷನ್ನುಗಳ ನಡುವಿನ ಹಳಿಗೆ ಬ್ಲಾಕು ಎನ್ನುತ್ತಾರೆ, ಅದರ ಮೇಲೆ ಒಂದು ಸಲಕ್ಕೆ ಒಂದೇ ರೈಲು ಇರಬೇಕು. ಅದು ಪೂರ್ತಿ ದಾಟಿತು ಎಂದು ಮುಂದಿನ ಸ್ಟೇಷನ್ನಿನವರು ಹೇಳುವವರೆಗೆ ಹಿಂದಿನ ರೈಲಿಗೆ ಹಸಿರು ಬೀಳುವುದಿಲ್ಲ. ಜೋಕೂ ಹಾಗೆಯೇ. ಒಂದು ಜೋಕಿಗೆ ಕೋಣೆಯಲ್ಲಿರುವ ಎಲ್ಲರೂ ನಕ್ಕು ಮುಗಿಸುವವರೆಗೆ ಇನ್ನೊಂದು ಜೋಕನ್ನು ಒಳಗೆ ಬಿಡಬಾರದು.

ಈ ತಲೆಹರಟೆಯ ಹಿಂದೆ ಒಂದು ಚಿತ್ರವಿತ್ತು. ಅದರ ಹೆಸರು 'ಬಸ್ಸಲ್ಲಿ ಬಂದ ಬೀಗರು'. ಪಕ್ಕದ ಮನೆಯ ಷಡಕ್ಷರಪ್ಪನವರು ಮೂವತ್ತೆಂಟು ವರ್ಷದ ಹಿಂದೆ ತೆಗೆದದ್ದು. ಅವರು ತೆಗೆದ ಮೊದಲ ಚಿತ್ರವೂ ಅದೇ, ಕೊನೆಯದೂ ಅದೇ. ಊರಿನ ಟಾಕೀಸಿನಲ್ಲಿ ಆರು ದಿನ ಓಡಿತು. ಆದರೂ ಬೀದಿಯವರೆಲ್ಲ ಅವರನ್ನು ಇವತ್ತಿಗೂ ಡೈರೆಕ್ಟ್ರೇ ಎಂದೇ ಕರೆಯುತ್ತಾರೆ. ಚಿತ್ರ ಬಿದ್ದದ್ದಕ್ಕೆ ಅವರದು ಒಂದೇ ವಿವರಣೆ: ಜೋಕುಗಳನ್ನು ತೀರ ಒತ್ತೊತ್ತಾಗಿ ಜೋಡಿಸಿಬಿಟ್ಟೆ, ಒಂದರ ನಗುವಿನ ಗದ್ದಲದಲ್ಲಿ ಇನ್ನೊಂದು ಕೇಳಿಸಲೇ ಇಲ್ಲ. ಇದನ್ನು ಬೀದಿಯಲ್ಲಿ ಯಾರೂ ಅಲ್ಲಗಳೆದಿರಲಿಲ್ಲ. ಅಲ್ಲಗಳೆಯಲು ಚಿತ್ರವನ್ನು ನೋಡಿರಬೇಕಿತ್ತು.

ಹದಿನೈದು ದಿನದ ಹಿಂದೆ ಅವರಿಗೊಂದು ಪತ್ರ ಬಂದಿತ್ತು. ಹಳೆಯ ಚಿತ್ರಗಳನ್ನು ಕೂಡಿಡುವ ಸಂಸ್ಥೆಯೊಂದು, ಈ ಚಿತ್ರದ ರೀಲುಗಳು ಎಲ್ಲೂ ಉಳಿದಿಲ್ಲವೆಂದೂ, ಅವರ ಹತ್ತಿರ ವಿಡಿಯೋ ಕ್ಯಾಸೆಟ್ ಇದ್ದರೆ ಸಹಿ ಮಾಡಿ ಕಳಿಸಿದಲ್ಲಿ ಕಾಪಾಡಿ ಎಲ್ಲರಿಗೂ ತೋರಿಸುತ್ತೇವೆಂದೂ ಬರೆದಿತ್ತು. ಸೋಮವಾರದೊಳಗೆ ಕಳಿಸಬೇಕು. ಕ್ಯಾಸೆಟ್ ಇತ್ತು, ಒಂದೇ ಒಂದು. ಆದರೆ ಷಡಕ್ಷರಪ್ಪನವರು ಸಹಿ ಮಾಡಿರಲಿಲ್ಲ.

"ಏಳು ಜನ ಕೂತ್ಕಂಡು ನೋಡಣ," ಎಂದು ಅವರು ಮಾವನಿಗೆ ಹೇಳಿದ್ದರಂತೆ. "ಒಬ್ಬರಾದ್ರೂ ಹೊಟ್ಟೆಯಿಂದ ನಕ್ಕರೆ ಸಹಿ ಹಾಕ್ತೀನಿ. ಇಲ್ದಿದ್ರೆ ಕ್ಯಾಸೆಟ್ಟು ನೀರೊಲೆಗೆ. ಸತ್ತಿರೋದನ್ನ ಎಬ್ಬಿಸಿ ಇನ್ನೊಂದ್ಸಲ ಸಾಯಿಸೋದು ಬೇಡ."

ಹೊಟ್ಟೆಯ ನಗುವನ್ನು ಅಳೆಯಲು ಮಾವ ಆ ಕುರ್ಚಿಗಳನ್ನು ಹೂಡಿದ್ದರು. ಮರ್ಯಾದೆಗೆ ನಗುವವರ ನಗು ಗಂಟಲಲ್ಲೇ ನಿಲ್ಲುತ್ತದೆ, ನಿಜವಾಗಿ ನಕ್ಕರೆ ಹೊಟ್ಟೆ ಕುಲುಕಿ ಕುರ್ಚಿ ಅದುರುತ್ತದೆ, ಅದುರಿದರೆ ಕೆಳಗಿನ ರಿಲೇ ಎಂಬ ಸಿಗ್ನಲ್ ಸ್ವಿಚ್ಚು ಟಕ್ಕೆನ್ನುತ್ತದೆ. ಏಳೂ ಟಕ್ಕೆಂದು ಸುಮ್ಮನಾದರೆ ಹಸಿರು, ಒಂದು ತಪ್ಪಿದರೂ ಕೆಂಪು, ಅದೇ ಜೋಕು ಮತ್ತೆ ಮೊದಲಿನಿಂದ. ಯಾರು ನಗಲಿಲ್ಲ ಎಂದು ತೋರಿಸುವ ದೀಪವನ್ನು ಮಾತ್ರ ಅವರು ಇಟ್ಟಿರಲಿಲ್ಲ. ಹಾಗೆ ತೋರಿಸಿದರೆ ಒಬ್ಬರಿಗೆ ಅವಮಾನ ಆಗುತ್ತದಂತೆ.

*

ಶನಿವಾರ ಮಧ್ಯಾಹ್ನ ಮೂರಕ್ಕೆ ಎಲ್ಲರೂ ಕೂತೆವು. ಷಡಕ್ಷರಪ್ಪನವರು ನಡುವೆ. ಇಸ್ತ್ರಿ ಮಾಡಿದ ಪಂಚೆ, ಜೇಬಿನಲ್ಲಿ ಪತ್ರ ಮತ್ತು ಪೆನ್ನು. ಅವರ ಎಡಕ್ಕೆ ಮಾವ, ಬಲಕ್ಕೆ ನಾನು. ಅತ್ತೆ ಕುರ್ಚಿಯ ಮೇಲೆ ಮೊದಲು ಒಂದು ಒಣ ಟವೆಲು ಹಾಸಿ, ಶಿವನನ್ನು ನೆನೆದು ಕೂತರು. ಹಿಂದೆ ಎದುರು ಮನೆಯ ಗಂಡ ಹೆಂಡತಿ, ಅವರ ಪಕ್ಕ ಕೇಬಲ್ ಇನಾಯತ್.

ಇನಾಯತ್ ಬರಿಗೈಲಿ ಬಂದಿರಲಿಲ್ಲ. ಡೈರೆಕ್ಟ್ರ ಚಿತ್ರವನ್ನು ಇಡೀ ವಾರ್ಡು ನೋಡಲಿ ಎಂದು ಅವನು ತನ್ನ ಕೇಬಲ್ಲಿಗೂ ಇಲ್ಲಿಂದ ಒಂದು ವೈರು ಎಳೆದಿದ್ದ. ಆ ವೈರನ್ನು ಜೋಡಿಸಿದವರು ಮಾವ. ಜೋಡಿಸಿದವರು ಮಾವ ಎಂದ ಮೇಲೆ ಮುಂದಿನದು ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ.

ಮೊದಲ ಹತ್ತು ನಿಮಿಷ ತೊಂದರೆ ಇರಲಿಲ್ಲ, ಏಕೆಂದರೆ ಅದರಲ್ಲಿ ಜೋಕಿರಲಿಲ್ಲ. ಹೆಸರುಗಳು, ಒಂದು ಪೂಜೆ, ತೆಂಗಿನ ಮರಗಳ ನಡುವೆ ಒಂದು ಹಾಡು. ಚಿತ್ರದ ಬಣ್ಣ ಹುಳಿ ಸಾರಿನಂತಾಗಿತ್ತು, ಮೇಲ್ಗಡೆ ಒಂದು ಬಿಳಿ ಗೆರೆ ಓಡಾಡುತ್ತಿತ್ತು. ಜೋಕುಗಳು ಎಲ್ಲೆಲ್ಲಿವೆ ಎಂದು ಷಡಕ್ಷರಪ್ಪನವರೇ ಒಂದು ಪಟ್ಟಿ ಬರೆದುಕೊಟ್ಟಿದ್ದರು. ಒಟ್ಟು ತೊಂಬತ್ತನಾಲ್ಕು. ಅಷ್ಟನ್ನೂ ಮಾವ ಪೆಟ್ಟಿಗೆಗೆ ಕಲಿಸಿದ್ದರು.

ಹನ್ನೊಂದನೆಯ ನಿಮಿಷದಲ್ಲಿ ಬಸ್ಸು ಬಂದು ನಿಂತಿತು. ಬೀಗರು ಒಬ್ಬೊಬ್ಬರಾಗಿ ಇಳಿದರು. ಹುಡುಗಿಯ ಅಪ್ಪ ಹಾರ ಹಿಡಿದು ಓಡಿಬಂದು, ಹುಡುಗನ ಅಪ್ಪ ಎಂದುಕೊಂಡು ಕಂಡಕ್ಟರ್‌ನ ಕೊರಳಿಗೆ ಹಾಕಿದ. ಕಂಡಕ್ಟರ್ ಅಂದ: "ಹಾರ ಆಮೇಲೆ ಹಾಕಿ ಸ್ವಾಮಿ, ಚಿಲ್ಲರೆ ಕೊಡಿ ಮೊದಲು."

ಇದು ಮೊದಲನೆಯ ಜೋಕು.

ಎಲ್ಲರೂ ನಕ್ಕರು. ಎದುರು ಮನೆಯಾಕೆ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಇನಾಯತ್ ತೊಡೆ ತಟ್ಟಿ ನಕ್ಕ. ಕೆಂಪು ದೀಪ ಹತ್ತಿತು. ಕ್ಯಾಸೆಟ್ಟು ಗರ್ರನೆ ಹಿಂದಕ್ಕೆ ಸುತ್ತಿಕೊಂಡು ಬಸ್ಸು ಮತ್ತೆ ಬಂದು ನಿಂತಿತು.

ಎರಡನೆಯ ಸಲ ಇನ್ನೂ ಜೋರಾಗಿ ನಕ್ಕರು. ಕೆಂಪು. ಮೂರನೆಯ ಸಲ ಇನಾಯತ್ ಪಕ್ಕದವರ ತೊಡೆಯನ್ನೂ ತಟ್ಟಿದ. ಕೆಂಪು. ಐದನೆಯ ಸಲಕ್ಕೆ ಅತ್ತೆಯ ನಗು ಕೆಮ್ಮಾಗಿ ತಿರುಗಿ, ಅವರು ನೀರು ತರಲು ಎದ್ದರು. ರಿಲೇ ಇನ್ನೂ ತಣ್ಣಗಿದೆಯೇನೋ, ಬಿಸಿಯಾದರೆ ಸರಿಹೋಗುತ್ತದೆ ಎಂದು ಮಾವ ಗೊಣಗಿದರು. ಬಸ್ಸು ಬರುತ್ತಲೇ ಇತ್ತು.

ಒಂಬತ್ತನೆಯ ಸಲ ಕೆಂಪು ಹತ್ತಿದಾಗ ಷಡಕ್ಷರಪ್ಪನವರು ಪರದೆಯಿಂದ ಕಣ್ಣು ತೆಗೆಯದೆ ಕೇಳಿದರು: "ಇಲ್ಲಿ ಯಾರೂ ನಗ್ತಾ ಇಲ್ಲ, ಅಲ್ವ?"

ಎಲ್ಲರೂ ಒಟ್ಟಿಗೆ ಅಯ್ಯೋ ಎಂದು ಶುರು ಮಾಡಿದರು. "ಇಲ್ಲ," ಎಂದೆ ನಾನು. ಅತ್ತೆ ನನ್ನ ತೋಳು ಜಿಗುಟಿದರು.

"ಈ ಹುಡುಗಿ ಒಬ್ಳೇ ನಿಜ ಹೇಳ್ತಿರೋದು," ಎಂದರು ಷಡಕ್ಷರಪ್ಪನವರು. ಬೇಸರವೇನೂ ಕಾಣಲಿಲ್ಲ. ಬೆನ್ನು ನೆಟ್ಟಗಾಯಿತು, ಅಷ್ಟೇ. "ಇನ್ಮೇಲೆ ನನಗೋಸ್ಕರ ಯಾರೂ ನಗಬೇಡಿ. ನಗು ಬಂದ್ರೆ ನಗಿ. ಬರೋವರೆಗೆ ನಾನಂತೂ ಏಳಲ್ಲ."

*

ನಾಲ್ಕೂವರೆಯ ಹೊತ್ತಿಗೆ ಕಂಡಕ್ಟರ್ ಹತ್ತೊಂಬತ್ತು ಸಲ ಚಿಲ್ಲರೆ ಕೇಳಿದ್ದ.

ಸ್ವಿಚ್ಚು ಆರಿಸಿ ಎಂದು ಅತ್ತೆ ಹೇಳಿದರು. ಆರಿಸಿದರೂ ಪೆಟ್ಟಿಗೆ ಆರಲಿಲ್ಲ. ಕರೆಂಟು ಹೋದಾಗ ಸಿಗ್ನಲ್ ಸತ್ತರೆ ರೈಲು ಗುದ್ದಿಕೊಳ್ಳುತ್ತದೆಂದು ಮಾವ ಒಳಗೊಂದು ಬ್ಯಾಟರಿ ಇಟ್ಟಿದ್ದರು. ಕ್ಯಾಸೆಟ್ ಹೊರಗೆ ತೆಗೆಯಿರಿ ಎಂದರು ಅತ್ತೆ. ಅದಕ್ಕೆ ಬೀಗ ಬಿದ್ದಿತ್ತು. ಹಳಿಯ ಮೇಲೆ ರೈಲಿರುವಾಗ ಹಳಿ ಕೀಳುವವರು ಉಂಟೇ ಎಂಬುದು ಮಾವನ ಪ್ರಶ್ನೆ. ಎಳೆದರೆ ಟೇಪು ಹರಿಯುತ್ತದೆ, ಇರುವುದು ಒಂದೇ ಕ್ಯಾಸೆಟ್.

"ಹಂಗಾದ್ರೆ ನಗದೇ ಇದ್ರೂ ಮುಂದಕ್ಕೆ ಬಿಡೋ ಗುಂಡಿ ಒಂದು ಇರ್ಬೇಕಲ್ಲ ಮಾವ," ಎಂದೆ.

"ಅಂಥದ್ದು ಇಡಲ್ಲ ಇಂಚರ," ಎಂದರು ಅವರು. ಅವರ ದನಿ ಗಂಭೀರವಾಗಿತ್ತು. "ಮೂವತ್ತನಾಲ್ಕು ವರ್ಷದಲ್ಲಿ ಒಂದ್ಸಲಾನೂ ಸುಳ್ಳು ಹಸಿರು ಕೊಟ್ಟಿಲ್ಲ ನಾನು. ಒಂದು ಜೋಕಿಗೋಸ್ಕರ ಕೊಡಲಾ?"

ಇಂಥ ಹೆಮ್ಮೆಯನ್ನು ನಡುಮನೆಯಲ್ಲಿ ಯಾರು ಮೆಚ್ಚಬೇಕು? ಅತ್ತೆ ಮೆಚ್ಚಲಿಲ್ಲ. ಅವರು ಬಚ್ಚಲಿನ ಒಂದೂವರೆ ಗಂಟೆಯನ್ನು ಮೊದಲಿನಿಂದ ವಿವರಿಸತೊಡಗಿದರು.

ಅಷ್ಟರಲ್ಲಿ ಇನಾಯತ್‌ನ ಫೋನು ಹೊಡೆದುಕೊಳ್ಳತೊಡಗಿತು. ಅದು ನಿಲ್ಲಲೇ ಇಲ್ಲ. ಅವನು ಒಂದಕ್ಕೆ ಉತ್ತರಿಸುವಾಗ ಇನ್ನೊಂದು ಬರುತ್ತಿತ್ತು. ವಾರ್ಡಿನ ಮುನ್ನೂರು ಮನೆಗಳಲ್ಲಿ, ಯಾವ ಚಾನೆಲ್ ಒತ್ತಿದರೂ ಬಸ್ಸು ಬಂದು ನಿಲ್ಲುತ್ತಿತ್ತು. ಅಡುಗೆ ಕಾರ್ಯಕ್ರಮದಲ್ಲಿ ಬಸ್ಸು. ಕ್ರಿಕೆಟ್ಟಿನಲ್ಲಿ ಬಸ್ಸು. ಒಂದೇ ಬ್ಲಾಕಿನಲ್ಲಿ ಎರಡು ಚಿತ್ರ ಓಡಬಾರದು ಎಂಬ ನಿಯಮವನ್ನು ಮಾವ ಕೇಬಲ್ಲಿಗೂ ಅಳವಡಿಸಿದ್ದರು.

"ಸಿದ್ದಣ್ಣ, ಆರೂವರೆಗೆ ಸೀರಿಯಲ್ ಇದೆ," ಎಂದ ಇನಾಯತ್. ಅವನ ಮುಖದಲ್ಲಿ ರಕ್ತವಿರಲಿಲ್ಲ. "ಇವತ್ತು ಅದರಲ್ಲಿ ಆ ಅತ್ತೆ ಸಾಯ್ತಾಳೆ. ಎಂಟು ತಿಂಗಳಿಂದ ಕಾಯ್ತಾ ಇದಾರೆ ಜನ. ಅದು ಬರ್ದಿದ್ರೆ ನನ್ನ ಸಾಯಿಸ್ತಾರೆ."

ಐದೂವರೆಯ ಹೊತ್ತಿಗೆ ಕಿಟಕಿಯ ತುಂಬ ಮುಖಗಳು. ಬೈಯಲು ಬಂದವರು ಒಳಗೆ ಷಡಕ್ಷರಪ್ಪನವರನ್ನು ಕಂಡು ದನಿ ತಗ್ಗಿಸಿದರು. ಬೇಗ ನಗ್ರಪ್ಪ, ಸ್ವಲ್ಪ ಮನಸ್ಸು ಮಾಡಿ ನಗ್ರಪ್ಪ ಎಂದು ಹೊರಗಿನಿಂದ ಬೇಡಿಕೊಂಡರು. ಬೇಡಿಕೊಂಡರೆ ನಗು ಬರುವುದಿಲ್ಲ. ಎದುರು ಮನೆಯಾತ ಹೆಂಡತಿಯ ಬಗಲಿಗೆ ಕಚಗುಳಿ ಇಟ್ಟು ನೋಡಿದ. ಆಕೆ ಅವನ ಕೈಗೆ ಹೊಡೆದಳು. ಬಸ್ಸು ಮೂವತ್ತೊಂದನೆಯ ಸಲ ಬಂತು.

*

ಕಂಡದ್ದು ಅತ್ತೆಗೆ.

"ಏ ಇಂಚರ," ಎಂದರು, ಕುರ್ಚಿಯಲ್ಲಿ ಮುಂದಕ್ಕೆ ಬಾಗಿ. "ಆ ಟವೆಲಿನೋನು ಆಗ್ಲೇ ಇಳಿದಿದ್ದ ಅಲ್ವ?"

ಮುಂದಿನ ಸಲ ಬಸ್ಸು ಬಂದಾಗ ನಾವೆಲ್ಲ ಹುಡುಗಿಯ ಅಪ್ಪನನ್ನು ಬಿಟ್ಟು ಬಾಗಿಲನ್ನೇ ನೋಡಿದೆವು. ಮೊದಲು ಹೆಗಲ ಮೇಲೆ ಟವೆಲು ಹಾಕಿಕೊಂಡ ತೆಳ್ಳನೆಯ ಒಬ್ಬಾತ ಇಳಿದ. ಇಬ್ಬರು ಹೆಂಗಸರಾದ ಮೇಲೆ ಅವನೇ ಮತ್ತೆ ಇಳಿದ, ಈ ಸಲ ತಲೆಗೆ ಟೋಪಿ. ಒಬ್ಬ ಮುದುಕನಾದ ಮೇಲೆ ಅವನೇ ಕೊಡೆ ಹಿಡಿದು ಇಳಿದ. ಕೊನೆಗೆ ಒಂದು ಹುಂಜವನ್ನು ಎದೆಗೆ ಅಪ್ಪಿಕೊಂಡು, ಮುಖ ಮುಚ್ಚಿಕೊಳ್ಳಲು ಹುಂಜವನ್ನೇ ಎತ್ತಿ ಹಿಡಿದು, ಅವನೇ. ಹುಂಜಕ್ಕೆ ಅದು ಇಷ್ಟವಿರಲಿಲ್ಲ. ಅದು ಅವನ ಮೂಗನ್ನು ಕುಕ್ಕಿತು. ಇಷ್ಟಾದರೂ ಅವನು ಬೀಗರ ಗತ್ತಿನಲ್ಲೇ ನಡೆದುಹೋದ.

ಅತ್ತೆ ನಕ್ಕರು. ಅವರ ಕುರ್ಚಿ ಟಕ್ಕೆಂದಿತು. ಮಾವ ಆ ಶಬ್ದ ಕೇಳಿ ಸಂತೋಷಕ್ಕೆ ನಕ್ಕರೋ, ಹುಂಜಕ್ಕೆ ನಕ್ಕರೋ, ಅವರ ಕುರ್ಚಿಯೂ ಟಕ್ಕೆಂದಿತು. ಎದುರು ಮನೆಯ ದಂಪತಿಗಳು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಇನಾಯತ್ ಈ ಸಲ ಯಾರ ತೊಡೆಯನ್ನೂ ತಟ್ಟಲಿಲ್ಲ, ಹೊಟ್ಟೆ ಹಿಡಿದುಕೊಂಡ. ನಾನೂ ನಕ್ಕೆ. ಕಿಟಕಿಯಲ್ಲಿದ್ದವರೂ ನಕ್ಕರು. ನಗು ಅಡಗಿತು. ಎಲ್ಲರೂ ಹಸಿರಿಗೆ ಕಾದೆವು.

ಕೆಂಪು.

ಎಲ್ಲರೂ ನನ್ನನ್ನು ನೋಡಿದರು. ಈ ಬೀದಿಯಲ್ಲಿ ನಾನು ನಗದವಳೆಂದೇ ಪ್ರಸಿದ್ಧಿ. ನನ್ನ ಕುರ್ಚಿ ಟಕ್ಕೆಂದದ್ದು ನನಗೆ ಕೇಳಿಸಿತ್ತು, ಆದರೆ ಅದಕ್ಕೆ ಸಾಕ್ಷಿ ಇರಲಿಲ್ಲ.

ಹೀಗೆ ಅನುಮಾನ ಹೊತ್ತು ಕೂರುವುದು ನನಗೆ ಆಗದು. ಖಾಲಿ ಕುರ್ಚಿಯನ್ನು ಯಂತ್ರ ಲೆಕ್ಕಕ್ಕೆ ಹಿಡಿಯುತ್ತದೆಯೇ ಎಂದು ಮಾವನನ್ನು ಕೇಳಿದೆ. ಇಲ್ಲ ಎಂದರು. ಹಾಗಾದರೆ ಒಬ್ಬೊಬ್ಬರೇ ಏಳಿ ಎಂದೆ. ಯಾರು ಎದ್ದಾಗ ಹಸಿರು ಬೀಳುತ್ತದೋ ಅವರೇ ನಗದವರು. ಅತ್ತೆ ಎದ್ದರು. ಕೆಂಪು. ಎದುರು ಮನೆಯವರು ಎದ್ದರು. ಕೆಂಪು. ಇನಾಯತ್ ಎದ್ದ, ಮಾವ ಎದ್ದರು. ಕೆಂಪೇ. ನಾನು ಎದ್ದೆ. ಕಿಟಕಿಯವರು ಉಸಿರು ಬಿಗಿ ಹಿಡಿದರು. ದೀಪ ಮಿಸುಕಲಿಲ್ಲ.

ಕೂತಿದ್ದವರು ಒಬ್ಬರೇ, ಚಿತ್ರ ತೆಗೆದವರು.

ಬಸ್ಸು ಇನ್ನೊಮ್ಮೆ ಬಂದು ನಿಂತಿತು.

"ಡೈರೆಕ್ಟ್ರೇ," ಎಂದರು ಮಾವ ಮೆಲ್ಲಗೆ, "ನಾವಂತೂ ನಕ್ಕಿದೀವಿ. ನೀವು ಹೇಳಿದಂಗೇ ಆಯ್ತಲ್ಲ. ಒಂದ್ಸಲ ಎದ್ದು ನಿಂತ್ರೆ ಸಾಕು, ಲೈನ್ ಕ್ಲಿಯರ್ ಆಗ್ತದೆ."

"ನೀವು ನಕ್ಕಿದ್ದು ಜೋಕಿಗಲ್ಲ," ಎಂದರು ಷಡಕ್ಷರಪ್ಪ. "ಜನ ಸಾಲದೆ ಒಬ್ಬನೇ ಪದೇ ಪದೇ ಇಳಿದಿದ್ದಕ್ಕೆ ನಕ್ರಿ. ಅದು ಸೇರಲ್ಲ. ಅವತ್ತು ಟಾಕೀಸಲ್ಲಿ ಮೊದಲ್ನೇ ದಿನಾನೇ ಇಂಟರ್ವಲ್‌ಗೆ ಎದ್ದು ಹೊರಟುಹೋದೆ ನಾನು. ಗದ್ದಲ ಏನೂ ಇರ್ಲಿಲ್ಲ ಅಲ್ಲಿ. ಕಡ್ಲೇಕಾಯಿ ಸಿಪ್ಪೆ ಸುಲಿಯೋದು ಕೇಳಿಸ್ತಿತ್ತು. ಇವತ್ತು ಏಳಲ್ಲ."

ಮೂವತ್ತೆಂಟು ವರ್ಷ ಹೇಳಿಕೊಂಡು ಬಂದ ವಿವರಣೆಯನ್ನು ಅವರು ಎರಡು ವಾಕ್ಯದಲ್ಲಿ ತೆಗೆದುಹಾಕಿದ್ದರು. ಗಡಿಯಾರ ಆರು ಹತ್ತು ತೋರಿಸುತ್ತಿತ್ತು. ಇನಾಯತ್ ಗೋಡೆಗೆ ಹಣೆ ಹಚ್ಚಿ ನಿಂತಿದ್ದ.

"ಆ ಹುಂಜದೋನು ಯಾರು ಡೈರೆಕ್ಟ್ರೇ?" ಎಂದು ಅತ್ತೆ ಕೇಳಿದರು. ಅವರಿಗೆ ಆ ಹೊತ್ತಿನ ಗಾಂಭೀರ್ಯ ಸ್ವಲ್ಪವೂ ತಟ್ಟಿರಲಿಲ್ಲ.

ಷಡಕ್ಷರಪ್ಪನವರು ಪರದೆಯನ್ನೇ ನೋಡುತ್ತಿದ್ದರು. ಟೋಪಿಯವನು ಇಳಿಯುತ್ತಿದ್ದ.

"ನಾನೇ," ಎಂದರು.

ನಾವೆಲ್ಲ ಪರದೆಯತ್ತ ತಿರುಗಿದೆವು. ತಲೆತುಂಬ ಕೂದಲು, ಕಡ್ಡಿಯಂಥ ಮೈ. ಮೂಗು ಮಾತ್ರ ಅದೇ. ಬರಬೇಕಾಗಿದ್ದ ಜನ ಅವತ್ತು ಬೇರೆ ಊರಿನ ಮದುವೆಗೆ ಹೋಗಿಬಿಟ್ಟಿದ್ದರಂತೆ. ಬಸ್ಸಿನ ಬಾಡಿಗೆ ಒಂದೇ ದಿನಕ್ಕೆ. ಕ್ಯಾಮೆರಾ ನಿಲ್ಲಿಸುವ ಹಾಗಿಲ್ಲ, ರೀಲು ಕಡಿಮೆ ಇತ್ತು.

ಅತ್ತೆ ಬೆರಳು ಮಡಿಸಿ ಎಣಿಸಿದರು. "ನಾಲ್ಕು ಸಲ ಇಳಿದಿದೀರಿ. ಸರಿ. ಹತ್ತಿದ್ದು ಎಲ್ಲಿಂದ?"

"ಆ ಕಡೆಯಿಂದ. ಡ್ರೈವರ್ ಬಾಗ್ಲಿಂದ."

"ಹುಂಜ ಹಿಡ್ಕಂಡೇ?"

"ಹುಂಜನ ಡ್ರೈವರ್ ತೊಡೆ ಮೇಲೆ ಬಿಟ್ಟಿದ್ದೆ," ಎಂದರು ಷಡಕ್ಷರಪ್ಪ. ಏನೋ ನೆನಪಾಗಿ ಅವರು ನಿಲ್ಲಿಸಿದರು. "ಅವನಿಗೆ ಶೂಟಿಂಗು ಅಂತ ಯಾರೂ ಸರಿಯಾಗಿ ಹೇಳಿರ್ಲಿಲ್ಲ. ಮೂರ್ನೇ ಸಲ ಹತ್ತುವಾಗ ಕೈ ಹಿಡಿದು ನಿಲ್ಲಿಸ್ದ. ಅಳೋ ಹಂಗಿದ್ದ ಪಾಪ. ಸ್ವಾಮಿ, ನಿಮ್ಮೂರು ಬಂದಾಗಿದೆ, ದಯಮಾಡಿ ಇಳಿದ್ಹೋಗಿ ಅಂತ..."

ಮಾತು ಮುಗಿಯಲಿಲ್ಲ. ಅವರ ಹೆಗಲು ಅಲುಗಿತು, ಆಮೇಲೆ ಹೊಟ್ಟೆ. ಎಂಬತ್ತೊಂದು ವರ್ಷದ ಮನುಷ್ಯ ಅಷ್ಟು ಜೋರಾಗಿ ನಗಬಹುದೆಂದು ನಾನು ತಿಳಿದಿರಲಿಲ್ಲ. ಕುರ್ಚಿ ಟಕ್, ಟಕ್, ಟಕ್ ಎಂದಿತು. ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ಇನ್ನೊಮ್ಮೆ ಪರದೆಯ ಕಡೆ ಕೈ ತೋರಿಸಿ, ಮತ್ತೆ ನಕ್ಕರು.

ಹಸಿರು ದೀಪ ಹತ್ತಿತು.

*

ಅದು ಆರಲಿಲ್ಲ ಎಂಬುದೇ ಮುಂದಿನ ಕತೆ.

ಮೂರು ಗಂಟೆ ಕಾದು ಬಿಸಿಯಾಗಿದ್ದ ರಿಲೇ ಹಸಿರಿಗೇ ಅಂಟಿಕೊಂಡಿತು. ಅಂಟಿಕೊಂಡ ಹಸಿರನ್ನು ಯಂತ್ರ ತನ್ನದೇ ರೀತಿಯಲ್ಲಿ ಅರ್ಥ ಮಾಡಿಕೊಂಡಿತು: ಮುಂದಿನ ಎಲ್ಲ ಸ್ಟೇಷನ್ನುಗಳೂ ಖಾಲಿ, ರೈಲು ತಡವಾಗಿ ಓಡುತ್ತಿದೆ, ತಡವಾದದ್ದನ್ನು ತುಂಬಿಕೊಳ್ಳಬೇಕು. ಕ್ಯಾಸೆಟ್ಟು ಕಿರ್ರೆಂದು ಓಡತೊಡಗಿತು. ಉಳಿದ ತೊಂಬತ್ತಮೂರು ಜೋಕುಗಳು, ಐದು ಹಾಡುಗಳು, ಒಂದು ಹೊಡೆದಾಟ, ಎರಡು ಮದುವೆ, ಎಲ್ಲವೂ ಒಂದು ಮಾತೂ ಕೇಳಿಸದೆ, ನಿಲ್ಲದೆ ಹರಿದವು. ಬೀಗರು ಇರುವೆಗಳಂತೆ ಮನೆಯೊಳಗೆ ನುಗ್ಗಿದರು, ಉಂಡರು, ಜಗಳವಾಡಿದರು, ಓಡಿದರು. ಹುಡುಗಿಯ ಅಪ್ಪ ಹತ್ತು ಸೆಕೆಂಡಿನಲ್ಲಿ ನಲವತ್ತು ಎಲೆ ಹಾಕಿ, ಇನ್ನು ಹತ್ತು ಸೆಕೆಂಡಿನಲ್ಲಿ ಎತ್ತಿದ. ಹುಡುಗನ ತಾಯಿ ಒಂದೇ ಉಸಿರಿಗೆ ಅತ್ತು, ಸತ್ತು, ಬದುಕಿ, ಆರತಿ ಬೆಳಗಿದಳು.

ಇಡೀ ವಾರ್ಡು ನಕ್ಕಿತು. ನಮ್ಮ ನಡುಮನೆಯಷ್ಟೇ ಅಲ್ಲ. ಕಿಟಕಿಯಿಂದಾಚೆ, ಬೀದಿಯ ಆ ತುದಿಯವರೆಗೆ, ಮನೆಮನೆಯಿಂದ ನಗು ಕೇಳಿಸುತ್ತಿತ್ತು. ಹದಿಮೂರು ನಿಮಿಷಕ್ಕೆ ಶುಭಂ ಬಂತು. ಆರು ಇಪ್ಪತ್ತಾರು. ಬೀಗ ಕಳಚಿಕೊಂಡು ಕ್ಯಾಸೆಟ್ಟು ತಾನಾಗಿ ಹೊರಗೆ ನಾಲಿಗೆ ಚಾಚಿತು. ಇನಾಯತ್ ವೈರು ಕಿತ್ತುಕೊಂಡು ಓಡಿದ. ಸೀರಿಯಲ್ಲಿನ ಅತ್ತೆ ಸರಿಯಾದ ಸಮಯಕ್ಕೆ ಸತ್ತಳಂತೆ.

ಷಡಕ್ಷರಪ್ಪನವರು ಜೇಬಿನಿಂದ ಪತ್ರ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಜೋಕಲ್ಲ ಕೆಟ್ಟದ್ದು," ಎಂದರು ಮಾವನಿಗೆ. "ಉದ್ದ."

ಸಹಿ ಹಾಕಿದರು. ಅದರ ಕೆಳಗೆ, ಚಿತ್ರದ ಅವಧಿ ಎಂದಿದ್ದ ಕಡೆ ಎರಡು ಗಂಟೆ ಐದು ನಿಮಿಷ ಎಂಬುದನ್ನು ಹೊಡೆದುಹಾಕಿ, ಹದಿಮೂರು ನಿಮಿಷ ಎಂದು ಬರೆದರು. ಮಾವ ಸುಳ್ಳು ಹಸಿರು ಕೊಟ್ಟ ಆಘಾತದಲ್ಲಿ ಮೂಲೆಯಲ್ಲಿ ಕೂತಿದ್ದರು, ಅವರಿಗೆ ಅತ್ತೆ ಕಾಫಿ ಕೊಟ್ಟರು. ಸೋಮವಾರ ಕ್ಯಾಸೆಟ್ಟನ್ನು ನಾನೇ ಅಂಚೆಗೆ ಹಾಕಿ ಹಾಸ್ಟೆಲ್ಲಿಗೆ ಹೊರಟೆ.

ಹೋದ ವಾರ ಸಂಸ್ಥೆಯಿಂದ ಉತ್ತರ ಬಂತು. ಕ್ಯಾಸೆಟ್ ತಲುಪಿದೆ, ಒಟ್ಟಾರೆ ಸ್ಥಿತಿ ಚೆನ್ನಾಗಿದೆ, ಹನ್ನೊಂದನೆಯ ನಿಮಿಷದಲ್ಲಿ ಮಾತ್ರ ಟೇಪು ಪೂರ್ತಿ ಸವೆದುಹೋಗಿದೆ. ಆ ಜೋಕನ್ನು ನೋಡುವ ಭಾಗ್ಯ ತಮಗಿಲ್ಲವಾದರೂ, ಪ್ರೇಕ್ಷಕರು ಅದನ್ನು ಎಷ್ಟು ಮೆಚ್ಚಿಕೊಂಡಿದ್ದರು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ ಎಂದು ಅವರು ಬರೆದಿದ್ದಾರೆ.